ಪೊಮೆಲ್ ಹಾರ್ಸ್: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಜಿಮ್ನಾಸ್ಟಿಕ್ಸ್‌ನ ಈ ಆಟದ ಬಗ್ಗೆ ಕೇಳುವವರಲ್ಲಿ ಎರಡು ಬಗೆ. ಒಲಿಂಪಿಕ್ಸ್ ಹೊತ್ತಿನಲ್ಲಿ ಮೊಬೈಲಿನಲ್ಲಿ ನೋಡಿ, ಚೆಂದವೇನೋ ಇದೆ, ಆದರೆ ಒಬ್ಬನಿಗೆ ಯಾಕೆ ಹೆಚ್ಚು, ಇನ್ನೊಬ್ಬನಿಗೆ ಯಾಕೆ ಕಡಿಮೆ ಎಂದು ತಲೆ ಕೆರೆದುಕೊಳ್ಳುವವರು ಒಂದು ಬಗೆ. ಮಗನನ್ನು ಇದಕ್ಕೆ ಹಾಕಬೇಕು, ಊರಲ್ಲಿ ಸಾಧನವೇ ಇಲ್ಲ, ಏನು ಮಾಡೋಣ ಎನ್ನುವ ತಂದೆತಾಯಿ, ಪಿ.ಟಿ. ಮೇಷ್ಟ್ರು ಇನ್ನೊಂದು ಬಗೆ. ಮೊದಲ ಅರ್ಧ ನೋಡುವವರಿಗೆ, ಉಳಿದದ್ದು ಮಾಡಿಸುವವರಿಗೆ.

ಪೊಮೆಲ್ ಹಾರ್ಸ್ ಅಂದರೆ ಯಾವುದು? ಅಳತೆ ಎಷ್ಟು?

ಗಂಡಸರ ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಆರು ಸಾಧನಗಳಿವೆ. ಒಲಿಂಪಿಕ್ ಕ್ರಮದಲ್ಲಿ ಫ್ಲೋರ್, ಪೊಮೆಲ್ ಹಾರ್ಸ್, ರಿಂಗ್ಸ್, ವಾಲ್ಟ್, ಪ್ಯಾರಲಲ್ ಬಾರ್ಸ್, ಹೈ ಬಾರ್. ಇದು ಎರಡನೆಯದು. ಚರ್ಮ ಹೊದಿಸಿದ ಉದ್ದನೆಯ ದಿಮ್ಮಿಯಂಥ ದೇಹ: ಮೇಲ್ಭಾಗದ ಉದ್ದ 160 ಸೆಂ.ಮೀ., ಅಗಲ 35 ಸೆಂ.ಮೀ., ನೆಲದಿಂದ ಬೆನ್ನಿನವರೆಗೆ 115 ಸೆಂ.ಮೀ. ಬೆನ್ನಿನ ಮೇಲೆ 12 ಸೆಂ.ಮೀ. ಎತ್ತರದ ಎರಡು ಹಿಡಿಕೆಗಳು. ಅವುಗಳ ನಡುವಿನ ಅಂತರವನ್ನು 40ರಿಂದ 45 ಸೆಂ.ಮೀ. ಒಳಗೆ ಬದಲಾಯಿಸಬಹುದು. ಭುಜದ ಅಗಲಕ್ಕೆ ತಕ್ಕಂತೆ ಪ್ರತಿ ಆಟಗಾರನಿಗೂ ತನ್ನದೇ ಅಳತೆ ಇರುತ್ತದೆ. ಸರದಿ ಬರುವ ಮೊದಲು ಕೋಚ್ ಬಗ್ಗಿ ಹಿಡಿಕೆ ಹೊಂದಿಸುವುದನ್ನು ಟಿವಿಯಲ್ಲಿ ನೋಡಿರುತ್ತೀರಿ.

ಹಿಡಿಕೆಗಳು ಬೆನ್ನನ್ನು ಮೂರು ಭಾಗ ಮಾಡುತ್ತವೆ: ಎರಡು ತುದಿ, ಒಂದು ನಡು. ಆಟಗಾರ ಮೂರನ್ನೂ ಬಳಸಲೇಬೇಕು. ಒಂದೇ ಕಡೆ ನಿಂತು ತಿರುಗಿ ಇಳಿದರೆ ಅಂಕ ಹೋಗುತ್ತದೆ.

ಕುದುರೆ ಎಲ್ಲಿಂದ ಬಂತು?

ಸೈನಿಕರಿಗೆ ಕುದುರೆ ಹತ್ತಿ ಇಳಿಯುವುದನ್ನು ಕಲಿಸಲು ಮರದ ಕುದುರೆ ಬಳಸುತ್ತಿದ್ದ ಕಾಲದಿಂದ. ಅದನ್ನು ವ್ಯಾಯಾಮದ ಸಾಧನವಾಗಿ ಬೆಳೆಸಿದ್ದರಲ್ಲಿ 19ನೇ ಶತಮಾನದ ಜರ್ಮನ್ನರ ಪಾಲು ದೊಡ್ಡದು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ಇದಕ್ಕೆ ಸ್ಪರ್ಧೆ ಇತ್ತು. ಗೆದ್ದದ್ದು ಸ್ವಿಟ್ಜರ್ಲೆಂಡಿನ ಲೂಯಿ ಜುಟರ್.

ಟಿವಿಯಲ್ಲಿ ನೋಡುವಾಗ ಎಲ್ಲಿ ಕಣ್ಣಿಡಬೇಕು? ಎಲ್ಲರೂ ಒಂದೇ ಥರ ಸುತ್ತುವಂತೆ ಕಾಣುತ್ತದೆ.

ಕೈ ನೋಡಿ. ಹೊಸಬರೆಲ್ಲ ಕಾಲು ನೋಡುತ್ತಾರೆ, ಅಲ್ಲೇ ಆಟ ತಪ್ಪಿಹೋಗುತ್ತದೆ. ಕಾಲು ಸುತ್ತುವುದು ಫಲ ಅಷ್ಟೇ, ಕೆಲಸ ನಡೆಯುವುದು ಕೈಯಲ್ಲಿ.

ಒಂದು ಸುತ್ತನ್ನು ಬಿಡಿಸಿ ನೋಡೋಣ. ಎರಡೂ ಕೈ ಹಿಡಿಕೆಯ ಮೇಲಿವೆ, ಹೊಟ್ಟೆ ಕುದುರೆಯ ಕಡೆಗೆ, ಜೋಡಿಸಿದ ಕಾಲು ಹಿಂದೆ. ಕಾಲು ಬಲಕ್ಕೆ ಬಂದ ಹಾಗೆ ಬಲಗೈ ಬಿಡಬೇಕು. ಆ ಹೊತ್ತು ಮೈಯ ಪೂರ್ತಿ ಭಾರ ಎಡಗೈ ಮೇಲೆ. ಕಾಲು ಮುಂದೆ ಹಾದುಹೋಗುವಷ್ಟರಲ್ಲಿ ಬಲಗೈ ಮರಳಿ ಹಿಡಿಕೆಗೆ. ಈಗ ಬೆನ್ನು ಕುದುರೆಯ ಕಡೆಗೆ. ಕಾಲು ಎಡಕ್ಕೆ ಬಂದಾಗ ಎಡಗೈ ಬಿಡಬೇಕು, ಭಾರ ಬಲಗೈಗೆ. ಇಷ್ಟೆಲ್ಲ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಅಂದರೆ ಒಂದೊಂದು ಸುತ್ತಿಗೂ ಎರಡು ಸಲ ಒಂಟಿಗೈಯಲ್ಲಿ ನಿಲ್ಲಬೇಕು, ಎರಡು ಸಲ ಕೈಯನ್ನು ನೋಡದೆ ಸರಿಯಾದ ಜಾಗಕ್ಕೆ ಊರಬೇಕು.

ಕಾಲು ಒಂದು ಕಡೆ ಹೋದಾಗ ಭುಜ ಅದರ ಎದುರು ಕಡೆಗೆ ವಾಲುತ್ತದೆ. ತಕ್ಕಡಿಯ ತಟ್ಟೆಗಳಂತೆ ಇವೆರಡೂ ಒಂದನ್ನೊಂದು ಸರಿದೂಗಿಸುತ್ತಿದ್ದರೆ ಸುತ್ತು ನಡೆಯುತ್ತಲೇ ಇರುತ್ತದೆ. ಪಳಗಿದ ಆಟಗಾರನ ಕೈ ಹಿಡಿಕೆಗೆ ಬೇಗ ಬಂದು ಕೂರುತ್ತದೆ, ಸದ್ದಿಲ್ಲದೆ. ದಣಿದವನ ಕೈ ತಡವಾಗಿ ಬರುತ್ತದೆ, ಹಿಡಿಕೆಯ ಅಂಚನ್ನು ಹಿಡಿಯುತ್ತದೆ, ಒಮ್ಮೊಮ್ಮೆ ಬೆರಳು ಜಾರಿಸಿ ಮತ್ತೆ ಹಿಡಿಯುತ್ತದೆ. ಇಂಥದ್ದು ಎರಡು ಸಲ ಕಂಡಿತೆಂದರೆ ಬೀಳುವುದು ದೂರವಿಲ್ಲ.

ಆಮೇಲೆ ಬೇಕಿದ್ದರೆ ಸೊಂಟ ನೋಡಿ. ಭುಜದಿಂದ ಕಾಲ ಬೆರಳಿನವರೆಗೆ ಮೈ ಒಂದೇ ಗೆರೆಯಲ್ಲಿದ್ದರೆ ಒಳ್ಳೆಯ ಸುತ್ತು. ಸೊಂಟ ಮಡಿಚಿ, ಕುಂಡೆ ಕೆಳಗೆ ಜೋತುಬಿದ್ದರೆ ತೀರ್ಪುಗಾರರ ಪೆನ್ಸಿಲ್ ಓಡುತ್ತಿರುತ್ತದೆ.

ಎಷ್ಟು ಹೊತ್ತು ಮಾಡಬೇಕು? ನಡುವೆ ನಿಲ್ಲಬಹುದೇ?

ಸಾಮಾನ್ಯವಾಗಿ 40–50 ಸೆಕೆಂಡಿನಲ್ಲಿ ಮುಗಿಯುತ್ತದೆ. ನಡುವೆ ನಿಲ್ಲುವಂತಿಲ್ಲ. ರಿಂಗ್ಸ್‌ನಲ್ಲಿ ಎರಡು ಸೆಕೆಂಡು ನಿಂತು ಶಕ್ತಿ ತೋರಿಸಬೇಕು. ಇಲ್ಲಿ ತೂಗಾಟವೇ ಎಲ್ಲ. ಕೈಮೇಲೆ ನೆಟ್ಟಗೆ ಏರುವಾಗಲೂ ತೂಗಾಟದ ವೇಗದಿಂದಲೇ ಏರಬೇಕು. ಬಲ ಹಾಕಿ ಎತ್ತಿದರೂ ಕಡಿತ, ಮೇಲೆ ಹೋಗಿ ತಡೆದು ನಿಂತರೂ ಕಡಿತ. ಹಸಿರು ದೀಪ ಹತ್ತಿದ ಮೇಲೆ 30 ಸೆಕೆಂಡಿನೊಳಗೆ ಶುರು ಮಾಡಬೇಕು.

ಕಸರತ್ತಿನಲ್ಲಿ ಏನೇನು ಇರಲೇಬೇಕು?

ಚಲನೆಗಳನ್ನು ನಾಲ್ಕು ಗುಂಪು ಮಾಡಿದ್ದಾರೆ.

ಮೊದಲನೆಯದು ಒಂಟಿಕಾಲಿನ ತೂಗಾಟ ಮತ್ತು ಸಿಸರ್ಸ್. ಕಾಲು ಅಗಲಿಸಿ, ಕುದುರೆಯ ಆಚೆಗೊಂದು ಈಚೆಗೊಂದು ಇಟ್ಟು, ಮೇಲಕ್ಕೆ ತೂಗಿ ಅದಲುಬದಲು ಮಾಡುವುದು. ಕಸರತ್ತಿನ ಶುರುವಿನಲ್ಲಿ ಇದನ್ನು ಮುಗಿಸಿಬಿಡುವವರೇ ಹೆಚ್ಚು. ಸಿಸರ್ಸ್‌ನಿಂದ ನೇರ ಕೈಮೇಲೆ ನಿಲುವಿಗೆ ಏರುವುದು ಈಗ ದೊಡ್ಡವರ ಸ್ಪರ್ಧೆಯಲ್ಲಿ ಮಾಮೂಲಿ.

ಎರಡನೆಯದು ಸುತ್ತುಗಳು ಮತ್ತು ಫ್ಲೇರ್. ಕಾಲು ಜೋಡಿಸಿ ಸುತ್ತಿದರೆ ಸರ್ಕಲ್, ಅಗಲಿಸಿ ಸುತ್ತಿದರೆ ಫ್ಲೇರ್. ಫ್ಲೇರ್ ಅಮೆರಿಕದ ಕರ್ಟ್ ಥಾಮಸ್ ಹೆಸರಿನಲ್ಲಿದೆ. ಸ್ಪಿಂಡಲ್ ಎನ್ನುವುದೂ ಈ ಗುಂಪಿನದೇ: ಕಾಲು ಒಂದು ದಿಕ್ಕಿಗೆ ಸುತ್ತುತ್ತಿರುವಾಗ ಮೈ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ನೋಡಲು ಅಷ್ಟೇನೂ ಅನ್ನಿಸದು, ಮಾಡಲು ಕಷ್ಟ.

ಮೂರನೆಯದು ಪಯಣ, ಅಂದರೆ ಸುತ್ತುತ್ತಲೇ ಕುದುರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವುದು. ಕುದುರೆಯ ಉದ್ದಕ್ಕೆ ಮುಖ ಮಾಡಿ ಮುಂದಕ್ಕೆ ಸಾಗಿದರೆ ಮಾಗ್ಯಾರ್, ಹಿಂದಕ್ಕೆ ಸಾಗಿದರೆ ಸಿವಾಡೊ. ಮೊದಲನೆಯದಕ್ಕೆ ಹೆಸರು ಬಂದದ್ದು ಹಂಗೇರಿಯ ಜೊಲ್ಟಾನ್ ಮಾಗ್ಯಾರ್‌ನಿಂದ. 1976, 1980 ಎರಡೂ ಒಲಿಂಪಿಕ್ಸ್‌ನಲ್ಲಿ ಪೊಮೆಲ್ ಹಾರ್ಸ್ ಚಿನ್ನ ಅವನದೇ.

ನಾಲ್ಕನೆಯದು ಇಳಿಯುವುದು. ಕೈಮೇಲೆ ನೆಟ್ಟಗೆ ಏರಿ, ತಿರುಗುತ್ತಾ ಕುದುರೆಯ ಉದ್ದಕ್ಕೂ ಕೈಯಲ್ಲೇ ನಡೆದು ಮ್ಯಾಟ್ ಮೇಲೆ ಇಳಿಯುವುದು ಇವತ್ತಿನ ರೂಢಿ.

ಅಂಕ ಹೇಗೆ ಲೆಕ್ಕ ಹಾಕುತ್ತಾರೆ?

ಎರಡು ಅಂಕ ಕೂಡಿಸುತ್ತಾರೆ. ಡಿ ಸ್ಕೋರ್ ಎಷ್ಟು ಕಷ್ಟದ್ದನ್ನು ಮಾಡಿದ ಎಂಬುದಕ್ಕೆ, ಇ ಸ್ಕೋರ್ ಎಷ್ಟು ಚೊಕ್ಕವಾಗಿ ಮಾಡಿದ ಎಂಬುದಕ್ಕೆ.

ಡಿ ಸ್ಕೋರ್‌ಗೆ ಪ್ರತಿ ಚಲನೆಗೂ ಒಂದು ಅಕ್ಷರ ಇದೆ. ಎ ಅಂದರೆ 0.1, ಬಿ 0.2, ಹೀಗೆ ಏರುತ್ತಾ ಹೋಗುತ್ತದೆ. ಹಿಡಿಕೆಗಳ ಮೇಲಿನ ಸಾದಾ ಸುತ್ತು ಎ. ಮಾಗ್ಯಾರ್, ಸಿವಾಡೊ ಎರಡೂ ಡಿ, ಅಂದರೆ 0.4. ಇದರ ಮೇಲೆ ನಾಲ್ಕು ಗುಂಪಿನಿಂದಲೂ ಚಲನೆ ಇದ್ದರೆ ಗುಂಪಿಗೆ ಗರಿಷ್ಠ 0.5ರಂತೆ ಒಟ್ಟು 2.0ವರೆಗೆ ಸೇರುತ್ತದೆ. ಎಂಟು ಡಿ ಚಲನೆ ಮಾಡಿ ನಾಲ್ಕೂ ಗುಂಪಿನ ಪೂರ್ತಿ ಅಂಕ ಪಡೆದವನ ಲೆಕ್ಕ: 3.2 ಕೂಡಿಸು 2.0, ಒಟ್ಟು 5.2.

ಇಲ್ಲಿ ಹಲವರು ಎಡವುವ ಒಂದು ವಿಷಯ ಇದೆ. ಪ್ಯಾರಿಸ್ ಒಲಿಂಪಿಕ್ಸ್‌ವರೆಗೆ 10 ಚಲನೆ ಲೆಕ್ಕಕ್ಕೆ ಬರುತ್ತಿದ್ದವು. 2025ರಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ ಇಳಿಯುವುದೂ ಸೇರಿ ಎಂಟು ಮಾತ್ರ. ಹಾಗಾಗಿ 2024ರಲ್ಲಿ ಬಂದ 15.5ರಂಥ ಅಂಕವನ್ನೂ ಈಗಿನ ಅಂಕವನ್ನೂ ಪಕ್ಕಪಕ್ಕ ಇಟ್ಟು ಆಟ ಇಳಿಯಿತು ಎನ್ನುವುದು ತಪ್ಪು ಲೆಕ್ಕ.

ಇ ಸ್ಕೋರ್ 10ರಿಂದ ಶುರುವಾಗಿ ಕೆಳಗಿಳಿಯುತ್ತದೆ. ಸಣ್ಣ ತಪ್ಪಿಗೆ 0.1, ನಡುವಿನದಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ 1.0. ತೀರ್ಪುಗಾರರು ಕೊಟ್ಟದ್ದರಲ್ಲಿ ಅತಿ ಹೆಚ್ಚಿನವು, ಅತಿ ಕಡಿಮೆಯವು ಬಿಟ್ಟು ನಡುವಿನವುಗಳ ಸರಾಸರಿ ತೆಗೆಯುತ್ತಾರೆ. ಹತ್ತಕ್ಕೆ ಹತ್ತು ಎಂದು ಕುಣಿಯುತ್ತಿದ್ದ ಹಳೆಯ ಪದ್ಧತಿ 2006ಕ್ಕೆ ಹೋಯಿತು.

ಯಾವ ಯಾವ ತಪ್ಪಿಗೆ ಅಂಕ ಹೋಗುತ್ತದೆ?

ಜೋಡಿಸಿದ ಕಾಲು ಬೇರೆಯಾಗುವುದು, ಮೊಣಕಾಲು ಮಡಿಯುವುದು, ಪಾದ ಚೂಪಾಗಿರದೆ ಸಡಿಲವಾಗಿರುವುದು, ಸೊಂಟ ಮಡಿಯುವುದು, ಕಾಲು ಅಥವಾ ಕುಂಡೆ ಕುದುರೆಗೆ ತಾಗುವುದು, ಲಯ ತಪ್ಪಿ ನಿಧಾನವಾಗುವುದು, ಫ್ಲೇರ್‌ನಲ್ಲಿ ಕಾಲು ಸಾಕಷ್ಟು ಅಗಲಿಸದಿರುವುದು, ಸಿಸರ್ಸ್‌ನಲ್ಲಿ ಕಾಲು ಎತ್ತರಕ್ಕೆ ಹೋಗದಿರುವುದು, ಕುದುರೆಯ ಉದ್ದಕ್ಕೆ ಮುಖ ಮಾಡಿದ್ದಾಗ ಮೈ ಓರೆಯಾಗುವುದು. ಒಂದೊಂದೂ ಚಿಲ್ಲರೆ. ಆದರೆ ಒಂದೇ ಚಿಲ್ಲರೆ ತಪ್ಪನ್ನು ಪ್ರತಿ ಚಲನೆಯಲ್ಲೂ ಮಾಡಿದರೆ ಬಿದ್ದಷ್ಟೇ ನಷ್ಟ. ಬೀಳದೆ ಮುಗಿಸಿಯೂ 7 ಚಿಲ್ಲರೆ ಇ ಸ್ಕೋರ್ ಯಾಕೆ ಬಂತು ಎಂಬ ಪ್ರಶ್ನೆಗೆ ಇದೇ ಉತ್ತರ.

ಇಬ್ಬರಿಗೂ ಒಂದೇ ಅಂಕ ಬಂದರೆ?

ಹಿಂದೆ ಚಿನ್ನ ಹಂಚುತ್ತಿದ್ದರು. 1948ರಲ್ಲಿ ಫಿನ್ಲೆಂಡಿನ ಮೂವರು, 1988ರಲ್ಲಿ ಮತ್ತೆ ಮೂವರು ಒಟ್ಟಿಗೆ ಚಿನ್ನ ಪಡೆದಿದ್ದಾರೆ. ಆಮೇಲೆ ನಿಯಮ ಬಿಗಿಯಾಯಿತು. 2012ರ ಲಂಡನ್ ಫೈನಲ್ ಇದಕ್ಕೆ ಸರಿಯಾದ ಉದಾಹರಣೆ. ಹಂಗೇರಿಯ ಕ್ರಿಸ್ಟಿಯಾನ್ ಬೆರ್ಕಿ, ಬ್ರಿಟನ್ನಿನ ಲೂಯಿ ಸ್ಮಿತ್ ಇಬ್ಬರಿಗೂ 16.066. ಸ್ಮಿತ್ ಕಷ್ಟದ್ದು ಮಾಡಿದ್ದ: ಡಿ 7.0, ಇ 9.066. ಬೆರ್ಕಿ ಚೊಕ್ಕವಾಗಿ ಮಾಡಿದ್ದ: ಡಿ 6.9, ಇ 9.166. ಚೊಕ್ಕತನಕ್ಕೆ ಮೊದಲ ಮಣೆ, ಚಿನ್ನ ಬೆರ್ಕಿಗೆ. ತವರಿನ ಪ್ರೇಕ್ಷಕರ ಮುಂದೆ ಸ್ಮಿತ್‌ಗೆ ಬೆಳ್ಳಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೂ ಹೀಗೇ ಆಯಿತು. ಸಮ ಅಂಕ ಬಂದರೂ ಉತ್ತರ ಐರ್ಲೆಂಡಿನ ರೀಸ್ ಮೆಕ್ಲೆನಗನ್‌ಗೆ ಚಿನ್ನ, ಇಂಗ್ಲೆಂಡಿನ ಮ್ಯಾಕ್ಸ್ ವಿಟ್ಲಾಕ್‌ಗೆ ಬೆಳ್ಳಿ. ನಮ್ಮ ಅಭಿಪ್ರಾಯದಲ್ಲಿ ಈ ನಿಯಮ ನ್ಯಾಯವಾದದ್ದೇ. ಕಷ್ಟದ್ದಕ್ಕೆ ಡಿ ಸ್ಕೋರ್‌ನಲ್ಲಿ ಬೆಲೆ ಕೊಟ್ಟಾಗಿದೆ, ಮತ್ತೆ ಕೊಡುವ ಅಗತ್ಯವಿಲ್ಲ.

ಇಷ್ಟು ದೊಡ್ಡ ಆಟಗಾರರೂ ಇದರಲ್ಲೇ ಯಾಕೆ ಹೆಚ್ಚು ಬೀಳುತ್ತಾರೆ?

ತಪ್ಪನ್ನು ಸರಿಪಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹೈ ಬಾರ್‌ನಲ್ಲಿ ಒಂದು ತೂಗಾಟ ಕೆಟ್ಟರೆ ಇನ್ನೊಂದು ಸುತ್ತು ಹಾಕಿ ಸುಧಾರಿಸಿಕೊಳ್ಳಬಹುದು. ಇಲ್ಲಿ ಕೆಟ್ಟ ಸುತ್ತು ಮುಂದಿನದನ್ನು ಇನ್ನಷ್ಟು ಕೆಡಿಸುತ್ತದೆ. ಸೊಂಟ ಸ್ವಲ್ಪ ಇಳಿಯಿತು ಎನ್ನಿ: ಕಾಲು ಕುದುರೆಗೆ ಹತ್ತಿರವಾಗುತ್ತದೆ, ತಾಗದಿರಲಿ ಎಂದು ಭುಜ ಎಳೆದುಕೊಳ್ಳುತ್ತಾನೆ, ಭುಜ ಎಳೆದುಕೊಂಡದ್ದರಿಂದ ಕೈ ತಡವಾಗುತ್ತದೆ, ತಡವಾದ ಕೈ ಅಂಚಿಗೆ ಬೀಳುತ್ತದೆ, ಮುಗಿಯಿತು. ಆದ್ದರಿಂದ ವಿಡಿಯೊ ಹಾಕಿ ನೋಡುವಾಗ ಬಿದ್ದ ಜಾಗದಲ್ಲಿ ತಪ್ಪು ಹುಡುಕಬೇಡಿ. ಎರಡು ಸುತ್ತು ಹಿಂದಕ್ಕೆ ಹೋಗಿ, ಕಾರಣ ಅಲ್ಲಿರುತ್ತದೆ.

ಬಿದ್ದರೆ 1.0 ಹೋಗುವುದರ ಜೊತೆಗೆ ಪೂರ್ತಿಯಾಗದ ಚಲನೆಗೆ ಬೆಲೆಯೂ ಸಿಗುವುದಿಲ್ಲ. ಮತ್ತೆ ಹತ್ತಲು 30 ಸೆಕೆಂಡು. ಆ ಹೊತ್ತಿನಲ್ಲಿ ಕೈ ಜಾರದಂತೆ ಚಾಕ್ ಪುಡಿ ಹಚ್ಚಿ, ಉಸಿರು ಹಿಡಿದು, ಎಲ್ಲಿಂದ ಮುಂದುವರಿಯಬೇಕೆಂದು ನಿರ್ಧರಿಸಬೇಕು. ಐರ್ಲೆಂಡಿನ ಮೆಕ್ಲೆನಗನ್ ಟೋಕಿಯೊ ಫೈನಲ್‌ನಲ್ಲಿ ಬಿದ್ದು ಪದಕ ಕಳೆದುಕೊಂಡವನು. 2022, 2023ರಲ್ಲಿ ವಿಶ್ವ ಚಾಂಪಿಯನ್ ಆದ, 2024ರ ಪ್ಯಾರಿಸ್‌ನಲ್ಲಿ 15.533 ಪಡೆದು ಒಲಿಂಪಿಕ್ ಚಿನ್ನ ಗೆದ್ದ. ಅವನ ಹಿಂದೆ ಕಜಕಸ್ತಾನದ ನರಿಮನ್ ಕುರ್ಬಾನೊವ್ 15.433, ಅಮೆರಿಕದ ಸ್ಟೀಫನ್ ನೆಡೊರೊಸಿಕ್ 15.300. ರಿಯೊ, ಟೋಕಿಯೊ ಎರಡರಲ್ಲೂ ಚಿನ್ನ ಗೆದ್ದಿದ್ದ ಮ್ಯಾಕ್ಸ್ ವಿಟ್ಲಾಕ್ 15.200ಕ್ಕೆ ನಾಲ್ಕನೆಯವನು.

ಪ್ಯಾರಿಸ್‌ನಲ್ಲಿ ಕನ್ನಡಕ ತೆಗೆದಿಟ್ಟು ಆಡಿದವನು ಯಾರು? ಕಣ್ಣು ಕಾಣದೆ ಹೇಗೆ ಮಾಡಿದ?

ಅವನೇ ನೆಡೊರೊಸಿಕ್. ಅಮೆರಿಕದ ತಂಡ ಅವನನ್ನು ಪೊಮೆಲ್ ಹಾರ್ಸ್ ಒಂದಕ್ಕಾಗಿಯೇ ಕರೆದೊಯ್ದಿತ್ತು. ತಂಡದ ಫೈನಲ್‌ನಲ್ಲಿ ಉಳಿದ ಸಾಧನಗಳಲ್ಲೆಲ್ಲ ಕೂತು ಕಾದು, ಕೊನೆಯ ಸರದಿಯಲ್ಲಿ ಬಂದು 14.866 ಗಳಿಸಿದ. ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಗಂಡಸರಿಗೆ 2008ರ ನಂತರ ಮೊದಲ ತಂಡ ಪದಕ, ಕಂಚು.

ಕಣ್ಣಿನ ವಿಷಯ: ಈ ಆಟದಲ್ಲಿ ಕೈ ಊರುವ ಜಾಗ ಅರ್ಧ ಹೊತ್ತು ಬೆನ್ನ ಹಿಂದಿರುತ್ತದೆ. ಕಣ್ಣು ಚೆನ್ನಾಗಿ ಕಾಣುವವನೂ ಅದನ್ನು ನೋಡಿ ಹಿಡಿಯಲಾರ. ಅಂಗೈಗೆ ತಿಳಿದಿರಬೇಕು, ಅಷ್ಟೇ.

ಒಂದೇ ಸಾಧನದವರನ್ನು ತಂಡಕ್ಕೆ ಸೇರಿಸುವುದು ಲಾಭವೇ? ಪ್ಯಾರಿಸ್‌ನಲ್ಲಿ ತಂಡಕ್ಕೆ ಐವರು. ಫೈನಲ್‌ನಲ್ಲಿ ಪ್ರತಿ ಸಾಧನಕ್ಕೆ ಮೂವರು ಇಳಿದು ಮೂವರ ಅಂಕವೂ ಸೇರುತ್ತಿತ್ತು. ಒಬ್ಬ ಬಿದ್ದರೆ ಮುಚ್ಚಿಕೊಳ್ಳಲು ಜಾಗವಿಲ್ಲ. ಎಲ್ಲರೂ ಬೀಳುವ ಸಾಧನದಲ್ಲಿ ಬೀಳದವನೊಬ್ಬ ಇದ್ದರೆ ಅವನ ಬೆಲೆ ಗೊತ್ತಾಗುವುದು ಆಗಲೇ.

ವೈಯಕ್ತಿಕ ಫೈನಲ್‌ಗೆ ಎಷ್ಟು ಜನ?

ಎಂಟು. ಒಂದು ದೇಶದಿಂದ ಇಬ್ಬರಿಗಿಂತ ಹೆಚ್ಚಿಲ್ಲ.

ಯಂತ್ರ ತೀರ್ಪು ಕೊಡುತ್ತದಂತೆ, ನಿಜವೇ?

ತೀರ್ಪು ಕೊಡುವುದು ಮನುಷ್ಯರೇ. ಫುಜಿಟ್ಸು ಕಂಪನಿಯ ವ್ಯವಸ್ಥೆಯೊಂದು ಮೈಯ ಕೋನಗಳನ್ನು ಅಳೆದು ಅವರಿಗೆ ನೆರವಾಗುತ್ತದೆ. 2019ರ ಸ್ಟಟ್‌ಗಾರ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇದನ್ನು ಮೊದಲು ಬಳಸಿದ ಸಾಧನಗಳಲ್ಲಿ ಪೊಮೆಲ್ ಹಾರ್ಸ್ ಒಂದು.

ಹೆಣ್ಣುಮಕ್ಕಳಿಗೆ ಇದೆಯೇ?

ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಇಲ್ಲ. ಅವರದು ನಾಲ್ಕು ಸಾಧನ: ವಾಲ್ಟ್, ಅನ್‌ಈವನ್ ಬಾರ್ಸ್, ಬೀಮ್, ಫ್ಲೋರ್. ಅಭ್ಯಾಸಕ್ಕೆ ಮಶ್ರೂಮ್, ಅಂದರೆ ಅಣಬೆಯಾಕಾರದ ಗುಂಡು ಪೀಠದ ಮೇಲೆ ಸುತ್ತು ಕಲಿತರೆ ಯಾರೂ ಬೇಡ ಎನ್ನುವುದಿಲ್ಲ, ಭುಜಕ್ಕೂ ಹೊಟ್ಟೆಗೂ ಒಳ್ಳೆಯದು.

ಭಾರತದವರು ಎಲ್ಲಿದ್ದಾರೆ?

ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸ್‌ನಲ್ಲಿ ನಮಗೆ ಇನ್ನೂ ಪದಕ ಬಂದಿಲ್ಲ. ಹತ್ತಿರ ಹೋದವರು ದೀಪಾ ಕರ್ಮಾಕರ್, 2016ರ ರಿಯೊದಲ್ಲಿ ವಾಲ್ಟ್‌ನಲ್ಲಿ ನಾಲ್ಕನೆಯ ಸ್ಥಾನ. ಗಂಡಸರಲ್ಲಿ ಆಶಿಶ್ ಕುಮಾರ್ 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ವಾಲ್ಟ್ ಬೆಳ್ಳಿ, ಫ್ಲೋರ್ ಕಂಚು ಗೆದ್ದರು. ಗಮನಿಸಿ: ಹೆಸರು ಬಂದದ್ದೆಲ್ಲ ವಾಲ್ಟ್, ಫ್ಲೋರ್‌ನಲ್ಲಿ. ಅಲ್ಲಿ ಕಾಲಿನ ಚಿಮ್ಮು ಕೆಲಸಕ್ಕೆ ಬರುತ್ತದೆ. ಪೊಮೆಲ್ ಹಾರ್ಸ್‌ಗೆ ಬೇಕಾದದ್ದು ಏಳೆಂಟನೇ ವಯಸ್ಸಿನಿಂದ ದಿನಾ ಸುತ್ತಿದ ಸುತ್ತುಗಳು. ಅದಕ್ಕೆ ಚಿಕ್ಕ ಊರುಗಳಲ್ಲೂ ಸಾಧನ ಇರಬೇಕು.

ಯಾವ ವಯಸ್ಸಿಗೆ ಶುರು ಮಾಡಿಸಬೇಕು?

ಆರರಿಂದ ಎಂಟರ ನಡುವೆ ಮಶ್ರೂಮ್ ಮೇಲೆ. ಹತ್ತು ದಾಟಿದವನೂ ಕಲಿಯಬಲ್ಲ, ನಿಧಾನವಾಗುತ್ತದೆ. ಅವಸರ ಬೇಡ, ಗಂಡಸರ ಹಿರಿಯರ ವಿಭಾಗಕ್ಕೆ ಹೋಗಲು ಆ ವರ್ಷ 18 ತುಂಬಬೇಕು, ಅಲ್ಲಿಯವರೆಗೆ ದಂಡಿಯಾಗಿ ಸಮಯವಿದೆ. ಗರಡಿ ಮನೆಯಲ್ಲಿ ದಂಡ ಹೊಡೆದು ಬೆಳೆದ ಹುಡುಗನಿಗೆ ಭುಜದ ಬಲ ಇರುತ್ತದೆ, ಆದರೆ ಅವನು ಬಲ ಹಾಕಿಯೇ ಸುತ್ತಲು ನೋಡುತ್ತಾನೆ. ಆ ಅಭ್ಯಾಸ ಬಿಡಿಸುವುದೇ ಮೊದಲ ಕೆಲಸ.

ನಮ್ಮೂರಲ್ಲಿ ಪೊಮೆಲ್ ಹಾರ್ಸ್ ಇಲ್ಲ. ಬಡಗಿಯಿಂದ ಮಾಡಿಸಬಹುದೇ?

ಕುದುರೆ ಮಾಡಿಸಬೇಡಿ, ಮಶ್ರೂಮ್ ಮಾಡಿಸಿ. ಅಣಬೆಯ ಆಕಾರದ ಗುಂಡನೆಯ ಪೀಠ. ಮೊದಲ ಎರಡು ವರ್ಷಕ್ಕೆ ಇದೇ ಸಾಕು, ಮತ್ತು ಇದೇ ಸರಿ. ಅಂತರರಾಷ್ಟ್ರೀಯ ಮಾನ್ಯತೆಯ ಕುದುರೆಗೆ ಲಕ್ಷಗಳ ಲೆಕ್ಕ.

ಬಡಗಿಗೆ ಹೀಗೆ ಹೇಳಿ. 18 ಮಿ.ಮೀ. ಪ್ಲೈವುಡ್‌ನಲ್ಲಿ ಸುಮಾರು 60 ಸೆಂ.ಮೀ. ಅಡ್ಡಳತೆಯ ಎರಡು ವೃತ್ತ ಕತ್ತರಿಸಿ ಒಂದರ ಮೇಲೊಂದು ಅಂಟಿಸಿ ಬಿಗಿಯಬೇಕು. ವಾಟರ್‌ಪ್ರೂಫ್ ಪ್ಲೈ ಆಗಿರಲಿ. ಸಾದಾ ಪ್ಲೈ ನಮ್ಮ ಒಂದು ಮಳೆಗಾಲಕ್ಕೆ ಪದರ ಬಿಡುತ್ತದೆ. ಅಂಚನ್ನು ಪೂರ್ತಿ ಉಜ್ಜಿ ಗುಂಡಗೆ ಮಾಡಬೇಕು, ಮಗುವಿನ ಮಣಿಕಟ್ಟು ಊರುವುದು ಅಲ್ಲೇ. ಮೇಲೆ 2–3 ಸೆಂ.ಮೀ. ಗಟ್ಟಿ ಫೋಮ್, ನಡು ಸ್ವಲ್ಪ ಉಬ್ಬಿರಲಿ. ಸೋಫಾಕ್ಕೆ ಹಾಕುವ ಮೆತ್ತನೆ ಫೋಮ್ ಬೇಡ. ಕೈ ಒಳಗೆ ಹೂತು ಮಣಿಕಟ್ಟು ಹೆಚ್ಚು ಮಡಿಯುತ್ತದೆ. ಅದರ ಮೇಲೆ ರೆಕ್ಸಿನ್ ಬಿಗಿಯಾಗಿ ಎಳೆದು ಅಡಿಯಲ್ಲಿ ಸ್ಟೇಪಲ್ ಹೊಡೆಯಬೇಕು. ನಯವಾಗಿ ಹೊಳೆಯುವ ರೆಕ್ಸಿನ್ ಜಾರುತ್ತದೆ, ಸ್ವಲ್ಪ ಒರಟಾದದ್ದು ಆರಿಸಿ.

ಮಶ್ರೂಮಿನ ಕಾಲಿನ ಎತ್ತರ ಶುರುವಿಗೆ 30–40 ಸೆಂ.ಮೀ. ಅಡಿಯ ಪೀಠ ಮೇಲಿನ ವೃತ್ತಕ್ಕಿಂತ ಅಗಲವಿರಬೇಕು ಮತ್ತು ಭಾರವಿರಬೇಕು. ಹಗುರ ಎನಿಸಿದರೆ ಮರಳು ಚೀಲ ಹೇರಿ, ಆದರೆ ಚೀಲ ಹೊರಗೆ ಚಾಚದಿರಲಿ. ಮೊಳೆ ಬೇಡ, ಬೋಲ್ಟ್ ಹಾಕಿಸಿ. ಮೊಳೆ ಹೊಡೆದದ್ದು ದಿನಾ ಅಲುಗಾಡಿ ಸಡಿಲವಾಗಿ ತಲೆ ಎತ್ತುತ್ತದೆ. ಸುತ್ತ ಎಲ್ಲ ದಿಕ್ಕಿಗೂ ಒಂದೂವರೆ ಮೀಟರ್ ಮ್ಯಾಟ್.

ಬಕೆಟ್ ಕಟ್ಟಿ ಅಭ್ಯಾಸ ಮಾಡಿಸುತ್ತಾರಂತಲ್ಲ?

ಹೌದು, ಬಹಳ ಒಳ್ಳೆಯ ವಿಧಾನ, ದೊಡ್ಡವರೂ ಬಿಡುವುದಿಲ್ಲ. ಮೇಲಿನಿಂದ ಹಗ್ಗದಲ್ಲಿ ಬಕೆಟ್ ಇಳಿಬಿಟ್ಟು ಎರಡೂ ಪಾದ ಅದರೊಳಗಿಟ್ಟು, ಕೈ ಮಶ್ರೂಮ್ ಮೇಲೂರಿ ಸುತ್ತುವುದು. ಕಾಲಿನ ಭಾರ ಹಗ್ಗಕ್ಕೆ ಹೋಗುವುದರಿಂದ ಮಗು ಕೈ ಬದಲಾಯಿಸುವುದರ ಮೇಲೆ ಮಾತ್ರ ಗಮನ ಕೊಡಬಹುದು.

ಹಗ್ಗ ಕಟ್ಟುವ ಜಾಗ ಮಶ್ರೂಮಿನ ಸರಿಯಾದ ನಡುವಿನ ಮೇಲಿರಬೇಕು, ಮೂರು ಮೀಟರಿಗಿಂತ ಎತ್ತರದಲ್ಲಿದ್ದರೆ ಒಳ್ಳೆಯದು. ಕೊಂಡಿಯಲ್ಲಿ ತಿರುಗುವ ಸ್ವಿವೆಲ್ ಇರಲೇಬೇಕು, ಇಲ್ಲದಿದ್ದರೆ ಹಗ್ಗ ಹುರಿಗೊಂಡು ಮಗುವನ್ನು ಒಂದು ಕಡೆಗೆ ಎಳೆಯುತ್ತದೆ. ಪ್ಲಾಸ್ಟಿಕ್ ಬಕೆಟಿನ ಹಿಡಿಯನ್ನು ನಂಬಬೇಡಿ. ಅಂಚಿನ ಕೆಳಗೆ ನಾಲ್ಕು ತೂತು ಕೊರೆದು ಹಗ್ಗ ಪೋಣಿಸಿ. ಹಳೆಯ ಮನೆಯ ತೊಲೆಗೆ ಕಟ್ಟುವುದಾದರೆ ಮೊದಲು ಗೆದ್ದಲು ತಿಂದಿದೆಯೇ ಎಂದು ಉಳಿಯಿಂದ ಚುಚ್ಚಿ ನೋಡಿ, ಆಮೇಲೆ ಇಬ್ಬರು ದೊಡ್ಡವರು ಹಗ್ಗಕ್ಕೆ ಜೋತುಬಿದ್ದು ಪರೀಕ್ಷಿಸಿ.

ಯಾವ ಕ್ರಮದಲ್ಲಿ ಕಲಿಸಬೇಕು?

ಮೊದಲು ನೆಲದ ಮೇಲೆ. ಕೈ ನೇರ, ಹೊಟ್ಟೆ ಬಿಗಿ, ಕವುಚಿ 30 ಸೆಕೆಂಡು. ತಿರುಗಿ ಅಂಗಾತ, ಸೊಂಟ ಎತ್ತಿ 30 ಸೆಕೆಂಡು. ಅಂಗಾತದಲ್ಲಿ ಸೊಂಟ ಇಳಿಯುವ ಮಗುವಿಗೆ ಸುತ್ತಿನಲ್ಲೂ ಅಲ್ಲೇ ಇಳಿಯುತ್ತದೆ, ಆದ್ದರಿಂದ ಇದನ್ನು ಹಾರಿಸಬೇಡಿ. ಇದರ ಜೊತೆಗೆ ಕವುಚಿ ಇದ್ದಾಗ ಭಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಸಾಗಿಸಿ, ಖಾಲಿ ಕೈ ತೊಡೆಗೆ ತಟ್ಟಿ ವಾಪಸು.

ಆಮೇಲೆ ಬಕೆಟಿನಲ್ಲಿ ಹತ್ತು ಹತ್ತು ಸುತ್ತಿನ ಕಂತು. ಅನಂತರ ಬಕೆಟ್ ಬಿಟ್ಟು ಮಶ್ರೂಮ್ ಮೇಲೆ ಒಂದೇ ಒಂದು ಸುತ್ತು. ಸುತ್ತಿ, ಕವುಚಿದ ಭಂಗಿಯಲ್ಲೇ ಮುಗಿಸಿ, ಕಾಲು ನೆಲಕ್ಕೆ. ಒಂದು ಚೊಕ್ಕವಾದರೆ ಎರಡು, ಎರಡಾದರೆ ಮೂರು. ಇಲ್ಲಿ ಕಾಣುವ ತಪ್ಪು ಮೂರು. ಒಂದು, ನೆಲ ಒದ್ದು ಜೋರಾಗಿ ಹಾರುವುದು. ಮೊದಲ ಸುತ್ತು ಹೋಗುತ್ತದೆ, ಎರಡನೆಯದಕ್ಕೆ ವೇಗ ಇರುವುದಿಲ್ಲ. ಎರಡು, ತಲೆ ಬಗ್ಗಿಸಿ ಪಾದ ನೋಡುವುದು. ತಲೆ ಬಗ್ಗಿದರೆ ಸೊಂಟ ಮಡಿಯುತ್ತದೆ. ಮೂರು, ಭುಜ ಅಲುಗಿಸದೆ ನಡುವಿನಲ್ಲೇ ನಿಲ್ಲಿಸಿಕೊಳ್ಳುವುದು. ಎದುರು ಬದಿಗೆ ವಾಲಲು ಹೆದರಿಕೆ. ಮೂರನೆಯದಕ್ಕೆ ಮದ್ದು ಬಕೆಟ್, ಬೈಗುಳ ಅಲ್ಲ.

ಹತ್ತು ಸುತ್ತು ಬಿಡದೆ, ಕಾಲು ಜೋಡಿಸಿ, ಎಲ್ಲೂ ತಾಗದೆ ಬಂದ ಮೇಲೆ ಹಿಡಿಕೆ ಇಲ್ಲದ ಕುದುರೆ. ಅದರ ನಂತರವೇ ಹಿಡಿಕೆ. ಈ ಹಂತಕ್ಕೆ ಮಾತ್ರ ಸಾಧನವಿರುವ ದೊಡ್ಡ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕಾಗುತ್ತದೆ.

ಎಡಕ್ಕೆ ಸುತ್ತಿಸಬೇಕೋ ಬಲಕ್ಕೋ?

ಯಾವ ದಿಕ್ಕಾದರೂ ಅಂಕಕ್ಕೆ ವ್ಯತ್ಯಾಸವಿಲ್ಲ. ಬಕೆಟಿನಲ್ಲಿ ಎರಡೂ ದಿಕ್ಕಿಗೆ ಒಂದು ವಾರ ಬಿಟ್ಟು ನೋಡಿ, ಸಲೀಸಾದ ದಿಕ್ಕನ್ನು ಆರಿಸಿ, ಆಮೇಲೆ ಬದಲಾಯಿಸಬೇಡಿ. ಬಲಗೈಯವನು ಇದೇ ದಿಕ್ಕಿಗೆ ಎಂಬ ನಿಯಮ ಇಲ್ಲ.

ಮಳೆಗಾಲದಲ್ಲಿ ಕೈ ಜಾರುತ್ತದೆ, ಸಾಧನಕ್ಕೆ ಬೂಸರು ಹಿಡಿಯುತ್ತದೆ. ಏನು ಮಾಡಬೇಕು?

ಕೈಗೆ ಹಚ್ಚುವ ಚಾಕ್ ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್. ಕಪ್ಪು ಹಲಗೆಯ ಸೀಮೆಸುಣ್ಣದ ಪುಡಿ ಇದಕ್ಕೆ ಬದಲಿ ಅಲ್ಲ, ಅದು ಜಾರಿಸುತ್ತದೆ. ಮೆಗ್ನೀಸಿಯಂ ಕಾರ್ಬೊನೇಟ್ ಬೆವರು ಹೀರುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯ ತೇವವನ್ನೂ ಹೀರುತ್ತದೆ. ತೆರೆದ ಬೋಗುಣಿಯಲ್ಲಿ ಇಟ್ಟದ್ದು ಉಂಡೆ ಕಟ್ಟುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪ ಇಟ್ಟುಕೊಳ್ಳಿ. ಜಾರುತ್ತದೆಂದು ಪದರದ ಮೇಲೆ ಪದರ ಬಳಿದರೆ ಇನ್ನೂ ಜಾರುತ್ತದೆ. ಪುಡಿಯ ಮೇಲೆ ಪುಡಿ ಉರುಳುತ್ತದೆ. ಮೊದಲು ಕೈ ತೊಳೆದು ಪೂರ್ತಿ ಒರೆಸಿ, ತೆಳ್ಳಗೆ ಹಚ್ಚಿ, ಎರಡು ಕೈ ತಟ್ಟಿ ಹೆಚ್ಚಿನದ್ದನ್ನು ಉದುರಿಸಿ. ಹಿಡಿಕೆ, ರೆಕ್ಸಿನ್ ಮೇಲೆ ಗಟ್ಟಿಯಾದ ಪದರವನ್ನು ನೈಲಾನ್ ಬ್ರಷ್‌ನಿಂದ ಆಗಾಗ ಕೆರೆದು ತೆಗೆಯಿರಿ.

ತೇವದ ದಿನಗಳಲ್ಲಿ ಅಂಗೈ ಚರ್ಮ ಮೆತ್ತಗಾಗಿ ಬೇಗ ಸುಲಿಯುತ್ತದೆ. ಆಗ ಹಿಡಿಕೆಯ ಅಭ್ಯಾಸ ಕಡಿಮೆ ಮಾಡಿ ಬಕೆಟ್, ನೆಲದ ವ್ಯಾಯಾಮ ಹೆಚ್ಚಿಸುವುದು ಜಾಣತನ.

ಚರ್ಮ, ರೆಕ್ಸಿನ್ ಎರಡಕ್ಕೂ ಬೂಸರು ಬರುತ್ತದೆ. ಅಭ್ಯಾಸ ಮುಗಿದ ಕೂಡಲೇ ಬೆವರು ಒಣಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಫ್ಯಾನಿನ ಕೆಳಗೆ ಬಿಡಿ, ಆಮೇಲೆ ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಶೀಟ್ ಹೊದಿಸಿದರೆ ಒಳಗೇ ಬೆವರಿ ಬೂಸರು ಇಮ್ಮಡಿಯಾಗುತ್ತದೆ. ಗೋಡೆಯಿಂದ ಒಂದು ಗೇಣಾದರೂ ದೂರವಿರಲಿ. ಮ್ಯಾಟನ್ನು ಸಿಮೆಂಟ್ ನೆಲದ ಮೇಲೆ ರಾತ್ರಿ ಬಿಡಬೇಡಿ. ಹಲಗೆಯ ಮೇಲೆ ನಿಲ್ಲಿಸಿಡಿ. ಚರ್ಮಕ್ಕೆ ಎಣ್ಣೆ ಹಚ್ಚುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೇಳಬೇಡಿ, ಕೈ ನಿಲ್ಲುವುದಿಲ್ಲ.

ಮಗನಿಗೆ ಮಣಿಕಟ್ಟು ನೋವು. ಅಭ್ಯಾಸವಾಗುವವರೆಗೆ ಇರುತ್ತದಾ?

ಹಾಗೆಂದು ಬಿಡಬೇಡಿ. ಬೆಳೆಯುವ ಮಕ್ಕಳ ಮುಂಗೈ ಮೂಳೆಯ ತುದಿಯಲ್ಲಿ, ಮಣಿಕಟ್ಟಿನ ಹತ್ತಿರ, ಮೂಳೆ ಬೆಳೆಯುವ ಮೆದು ಪದರ ಇರುತ್ತದೆ. ಕೈ ಹಿಂದಕ್ಕೆ ಮಡಿಚಿ ಮೈಭಾರವನ್ನು ಮತ್ತೆ ಮತ್ತೆ ಹೇರಿದರೆ ಅದಕ್ಕೆ ಪೆಟ್ಟು. ನೋಯುತ್ತಿರುವಾಗಲೂ ಮಾಡಿಸಿದರೆ ಮೂಳೆಯ ಬೆಳವಣಿಗೆಗೇ ತೊಂದರೆಯಾಗಬಹುದು. ಹೆಬ್ಬೆರಳ ಕಡೆಯ ಮಣಿಕಟ್ಟು ಒತ್ತಿದರೆ ನೋವು, ಅಂಗೈ ಊರಿದರೆ ನೋವು, ಮರುದಿನಕ್ಕೂ ಉಳಿಯುವ ನೋವು, ಇವುಗಳಲ್ಲಿ ಒಂದಿದ್ದರೂ ಕೈಮೇಲೆ ಭಾರ ಹಾಕುವುದೆಲ್ಲ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಎಣ್ಣೆ ನೀವಿ, ಪಟ್ಟಿ ಕಟ್ಟಿ ಮುಂದುವರಿಸುವುದು ಬೇಡ.

ತಡೆಯಲು ಮಾಡಬೇಕಾದ್ದು ಸರಳ: ಶುರುವಿನಲ್ಲಿ ಹತ್ತು ನಿಮಿಷ ಮಣಿಕಟ್ಟು ಬಿಸಿ ಮಾಡುವುದು, ಮುಷ್ಟಿಯ ಮೇಲೆ ಊರಿಯೂ ಒಂದಿಷ್ಟು ವ್ಯಾಯಾಮ ಮಾಡಿಸುವುದು, ಸುತ್ತುಗಳನ್ನು ಒಂದೇ ಉಸಿರಿಗೆ ಮುಗಿಸದೆ ನಡುವೆ ಹೊಟ್ಟೆ, ಕಾಲಿನ ವ್ಯಾಯಾಮ ಸೇರಿಸುವುದು, ವಾರದಲ್ಲಿ ಒಂದೆರಡು ದಿನ ಕೈಗೆ ಪೂರ್ತಿ ರಜೆ.

ಬಟ್ಟೆ ಯಾವುದು?

ಸ್ಪರ್ಧೆಯಲ್ಲಿ ಪಾದದ ಅಡಿಗೆ ಪಟ್ಟಿ ಸಿಕ್ಕಿಸುವ ಉದ್ದ ಪ್ಯಾಂಟ್ ಮತ್ತು ಸಾಕ್ಸ್ ಕಡ್ಡಾಯ. ಚಡ್ಡಿ ನಡೆಯುವುದು ಫ್ಲೋರ್, ವಾಲ್ಟ್‌ನಲ್ಲಿ ಮಾತ್ರ. ಅಭ್ಯಾಸಕ್ಕೆ ಮೈಗೆ ಅಂಟುವ ಯಾವುದೇ ಟ್ರ್ಯಾಕ್ ಪ್ಯಾಂಟ್ ಸಾಕು. ಸಡಿಲವಾದದ್ದು ಬೇಡ, ಕೈ ಊರುವಾಗ ಬಟ್ಟೆಯನ್ನೂ ಸೇರಿಸಿ ಹಿಡಿದು ಬೀಳುತ್ತಾರೆ. ಜೇಬಿಗೆ ಜಿಪ್ ಇರುವುದೂ ಬೇಡ, ರೆಕ್ಸಿನ್ ಹರಿಯುತ್ತದೆ.